ಗೇಟು ಕೂಗದ ಹನ್ನೊಂದು ದಿನ

ಕೈಯಲ್ಲಿ ಹಿಡಿಯುವ ಹೊಸ ಮೀಟರ್ ಬಂದಿದ್ದು ನಿನ್ನೆ ಸಂಜೆ. ಕಲಿತುಕೊಳ್ಳಲೆಂದು ಮನೆಗೆ ಒಯ್ದಿದ್ದೆ. ಇವತ್ತು ಬೆಳಗ್ಗೆ ಬಸ್ಸಿನಿಂದ ಇಳಿದವಳೇ, ಗುಜರಿ ಕಾರ್ಖಾನೆಯ ಎದುರು ರಸ್ತೆಯ ಆಚೆ ಬದಿಯಲ್ಲಿ ನಿಂತು ಚಾಲೂ ಮಾಡಿದೆ. ಅಂಕಿ ನಿಲ್ಲುವವರೆಗೆ ಕಾಯಬೇಕು, ಅವಸರಪಟ್ಟರೆ ತಪ್ಪು ತೋರಿಸುತ್ತದೆ. ಒಂದು ನಿಮಿಷ ಕಾದೆ. ಸೊನ್ನೆ ಪಾಯಿಂಟ್ ಒಂದು. ಮಣ್ಣು, ಕಲ್ಲು, ಆಕಾಶದಿಂದ ಎಲ್ಲೆಡೆ ಬರುವಷ್ಟೇ ವಿಕಿರಣ.

ರಸ್ತೆ ದಾಟಿ ಗೇಟಿನ ಪಕ್ಕದ ನನ್ನ ಕೋಣೆಗೆ ಬಂದೆ. ಸೊನ್ನೆ ಪಾಯಿಂಟ್ ಒಂಬತ್ತು.

ಮತ್ತೆ ರಸ್ತೆ ದಾಟಿದೆ, ಮತ್ತೆ ಬಂದೆ. ಅದೇ ಎರಡು ಅಂಕಿ.

ನಮ್ಮ ಗೇಟಿನ ಎರಡೂ ಕಡೆ ಆಳೆತ್ತರದ ಡಿಟೆಕ್ಟರ್ ಕಂಬಗಳಿವೆ. ಹಳೆ ಕಬ್ಬಿಣದ ಲಾರಿ ನಡುವೆ ಹಾದುಹೋಗುವಾಗ ವಿಕಿರಣ ಹೆಚ್ಚಿದ್ದರೆ ಕೂಗುತ್ತವೆ. ಯಾವುದಕ್ಕಿಂತ ಹೆಚ್ಚು ಎಂಬುದನ್ನು ನಾನು ಕಲಿಸಬೇಕು. ದಿನಾ ಬೆಳಗ್ಗೆ ಗೇಟು ಖಾಲಿಯಿರುವಾಗ ಗುಂಡಿ ಒತ್ತುತ್ತೇನೆ. ಆ ಹೊತ್ತಿಗೆ ಸುತ್ತಲೂ ಎಷ್ಟಿದೆಯೋ ಅಷ್ಟನ್ನೇ ಯಂತ್ರ ಮಾಮೂಲೆಂದು ಇಟ್ಟುಕೊಳ್ಳುತ್ತದೆ. ಆ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತೇನೆ.

ಪುಸ್ತಕ ತೆರೆದೆ. ಹನ್ನೊಂದು ದಿನದ ಹಿಂದೆ ಅಂಕಿ ಒಂದೇ ಸಲಕ್ಕೆ ಒಂಬತ್ತು ಪಟ್ಟು ಏರಿತ್ತು. ಅಂದು ಹೊರಗೆ ಆರು ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಪಕ್ಕದಲ್ಲಿ ನನ್ನದೇ ದುಂಡಗಿನ ಅಕ್ಷರ: 'ಸರಿಯಿದೆ'.

ಅಂಗಳಕ್ಕೆ ಇಳಿದೆ. ಮೇಸ್ತ್ರಿ ಹಿಂದೆಯೇ ಬಂದರು.

"ಏನ್ ಮೇಡಂ, ಬೆಳಗ್ಗೆ ಬೆಳಗ್ಗೆನೇ ದೆವ್ವ ಹುಡುಕ್ತಾ ಇದ್ದೀರಾ? ಗೇಟೇ ತೆಪ್ಪಗಿದೆ, ನಿಮ್ದೇನು ಗಲಾಟೆ?"

ಮೀಟರ್ ಮುಂದೆ ಹಿಡಿದು ನಡೆದೆ. ತೂಕದ ಕಟ್ಟೆಯ ಬಳಿ ಅಂಕಿ ಇಳಿಯಿತು. ದಪ್ಪ ಗೋಡೆಯ ಹಿಂದಿರುವ ಕತ್ತರಿಸುವ ಶೆಡ್ಡಿನ ಕಡೆ ತಿರುಗಿದೆ. ನಾಲ್ಕು. ಮೂವತ್ತು. ಮೀಟರ್ ಕಿರುಗುಟ್ಟತೊಡಗಿತು. ಆ ಶೆಡ್ಡಿನಲ್ಲಿ ಗ್ಯಾಸ್ ಕಟರ್ ಹಿಡಿಯುವವನು ನನ್ನ ತಮ್ಮ. ಅವರಿವರನ್ನು ಕೇಳಿಕೊಂಡು ಕೆಲಸ ಕೊಡಿಸಿದವಳು ನಾನು.

ಬಾಗಿಲಲ್ಲಿ ಇನ್ನೂರು. ಒಳಗೆ ಅವನು ದಪ್ಪ ಲೋಹದ ಡಬ್ಬಿಯೊಂದರ ಮೇಲೆ ಹಲಗೆ ಹಾಕಿ ಕುಳಿತು ಬೂಟಿನ ದಾರ ಕಟ್ಟುತ್ತಿದ್ದ.

"ಬಾರಕ್ಕ! ಹೆಣ್ಣು ಹುಡುಕೋ ಯಂತ್ರನಾ? ಹಾಗಾದ್ರೆ ನನ್ ಕಡೆ ತಿರುಗ್ಸು."

ತಿರುಗಿಸಿದೆ. ಅಂಕಿಗಳು ಹೋಗಿ ಬರೀ ಅಡ್ಡಗೆರೆಗಳು ಉಳಿದವು. ಮೀಟರಿನ ಅಳತೆಗೆ ಮೀರಿದ್ದು.

"ಏಳೋ! ಎಲ್ಲಾ ಬಿಟ್ಟು ಹೊರಗೆ ಓಡು!"

ನನ್ನ ದನಿಗೇ ಅವನು ಓಡಿದ. ಮೇಸ್ತ್ರಿ ಉಳಿದವರನ್ನೂ ಕೂಗಿ ಹೊರಡಿಸಿದರು. ರಸ್ತೆಯ ಆಚೆ ನಿಂತು, ಇಂಥದಕ್ಕೆಂದೇ ಕೋಣೆಯ ಗೋಡೆಯ ಮೇಲೆ ಬರೆದಿಟ್ಟಿದ್ದ ಅಣುಶಕ್ತಿ ಇಲಾಖೆಯ ತುರ್ತು ನಂಬರಿಗೆ ಫೋನು ಮಾಡಿದೆ. ಬಾಯಿಪಾಠವಾಗಿತ್ತು. ಬರುತ್ತೇವೆ, ಯಾರೂ ಒಳಗೆ ಹೋಗಬೇಡಿ ಎಂದರು.

"ಆ ಡಬ್ಬಿ ಎಲ್ಲಿಂದ ಬಂತು?" ಎಂದು ತಮ್ಮನನ್ನು ಕೇಳಿದೆ.

"ಲಾರೀಲೇ ಬಂದಿದ್ದು. ಒಳಗೆಲ್ಲಾ ಸೀಸ. ಹನ್ನೆರಡು ದಿನದ ಹಿಂದೆ ಸಂಜೆ ಮುಚ್ಚಳ ಕತ್ತರಿಸಿ ತೆಗೆದ್ರೆ ಬೆರಳಷ್ಟುದ್ದದ ಒಂದು ಕೊಳವೆ, ಅಷ್ಟೆ. ಭಾರ ಇದೆ, ಅಲ್ಲಾಡಲ್ಲ ಅಂತ ಕೂರೋಕೆ ಇಟ್ಕೊಂಡೆ."

ಮುಚ್ಚಳವಿದ್ದಾಗ ಆ ಕೊಳವೆಯ ವಿಕಿರಣವನ್ನೆಲ್ಲ ಸೀಸ ತಡೆದಿತ್ತು. ಲಾರಿ ಒಳಗೆ ಬಂದ ದಿನ ಗೇಟಿಗೆ ಗೊತ್ತಾಗದಿದ್ದದ್ದು ಅದಕ್ಕೇ.

"ಮೈಗೇನೂ ಆಗಿಲ್ವಾ?"

"ತೊಡೆ ಕೆಂಪಾಗಿ ಉರೀತಿದೆ. ಕಟರ್ ಶಾಖ ಇರ್ಬೇಕು ಅಂದ್ಕೊಂಡೆ. ಅಲ್ಲ ಅಕ್ಕ, ಮುಚ್ಚಳ ತೆಗೆದ ಮೇಲಾದ್ರೂ ಗೇಟು ಕೂಗ್ಬೇಕಿತ್ತಲ್ಲ?"

ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕಿತ್ತು.

"ಇದೇ ಸರಿ, ಸುಮ್ನಿರು ಅಂತ ದಿನಾ ಬೆಳಗ್ಗೆ ಅದಕ್ಕೆ ಹೇಳ್ಕೊಟ್ಟಿದ್ದು ನಾನು ಕಣೋ."

ತಮಾಷೆ ಎಂದುಕೊಂಡು ಅವನು ನಕ್ಕ. ಮೇಸ್ತ್ರಿ ನಗಲಿಲ್ಲ.