ಪಾತ್ರ ನಾಹೀ

ಗಡಿ ಆಚೆ ಮಹಾರಾಷ್ಟ್ರದ ಅಕ್ಕಲಕೋಟದಾಗ ರತ್ನಾಬಾಯಿ ಮಗಳು, ಸಾಯಲಿ ಅನ್ನೂ ಹೆಸರಿನಾಕಿ, ಓಣಿಗೆಲ್ಲ ಶಾಣೆ ಹುಡುಗಿ. ಎದುರಿಗಿ ಬಂದವರಿಗಿ ನಕ್ಕು ನಮಸ್ಕಾರ ಮಾಡ್ತಾಳ, ಅಚ್ಚ ಮರಾಠಿಯೊಳಗ ಕಾಕೂ, ಹೆಂಗಿದ್ದೀರಿ ಅಂತ ಕೇಳ್ತಾಳ. "ಹೆತ್ರ ಇಂಥಾಕಿನ್ನ ಹೆರಬೇಕು ನೋಡ್ರಿ" ಅಂತ ಬಾಜೂಮನಿ ಮುಕ್ತಾಬಾಯಿ ಅಂದಾಗೊಮ್ಮೆ ರತ್ನಾಬಾಯಿ ಹೂಂ ಅಂದು ಬಾಗಲ ಮುಂದ ಮಾಡಾಕಿ. ಹೊಸ್ತಿಲ ದಾಟಿ ಒಳಗ ಬಂದು ನೋಡಿದವರು ಯಾರದಾರ?

ಒಳಗ ಬಂದ ಕೂಡ್ಲೆ ಸಾಯಲಿ ಚಪ್ಪಲಿ ಒಂದ ಕಡಿ, ಚೀಲ ಒಂದ ಕಡಿ ಒಗದು ಮಂಚದ ಕೆಳಗ ಸೇರಾಕಿ. ಮಾರಿ ಮ್ಯಾಲ ಒಂದು ಹಸಿ ಟಾವೆಲ್. ಎರಡು ತಾಸು ಮಾತಿಲ್ಲ, ಕತಿಯಿಲ್ಲ. ಯಾರರೆ ಮುಟ್ಟಿದ್ರ ತನ್ನ ಮುಂಗೈ ತಾನ ಕಚ್ಚಿಕೊಳ್ಳಾಕಿ. ಆಮ್ಯಾಲ ಬಂದ್ರ ಒಂದ ಶಬ್ದ, ಅದೂ ಕನ್ನಡದಾಗ: "ಬ್ಯಾಡ." ಮರಾಠಿ ಅನ್ನೂದು ಆಕಿಗಿ ಹೊರಗ ಉಡೂ ಬಟ್ಟಿ ಇದ್ದಂಗ, ಮನಿಗಿ ಬಂದ್ಳಂದ್ರ ಕಳದ ಇಡಾಕಿ.

ಆ ಮರಾಠಿನೂ ಸುಮ್ಮ ಬಂದದ್ದಲ್ಲ. ಐದನೇತ್ತೆ ಇದ್ದಾಗಿಂದ ಒಂದು ವಹಿ ಇಟ್ಟಾಳ. ಯಾರರೆ ಹೀಂಗ ಕೇಳಿದ್ರ ಹಂಗ ಹೇಳಬೇಕು, ಇಷ್ಟ ನಗಬೇಕು ಅಂತ ಬರಕೊಂಡು, ಕನ್ನಡಿ ಮುಂದ ನಿಂತು ಬಾಯಿಪಾಠ ಮಾಡ್ಯಾಳ. ಮಂದಿ ಕಣ್ಣ ನೋಡೂದು ಆಗೂದಿಲ್ಲಂತ ಅವರ ಹಣಿ ಮ್ಯಾಲಿನ ಟಿಕಳಿ ನೋಡ್ತಾಳ.

ರತ್ನಾಬಾಯಿ ಅತ್ತಿ ಹುಚ್ಚವ್ವಂದು ಮಾತ್ರ ಒಂದ ರಾಗ. "ಬೀದ್ಯಾಗ ಇಲಿ, ಮನ್ಯಾಗ ಹುಲಿ. ನಾಟಕ ಅದು." ಹದಿನೇಳು ವರ್ಷ ರತ್ನಾಬಾಯಿನೂ ಹಂಗ ತಿಳದಿದ್ಲು, ಎರಡು ಬಡದದ್ದೂ ಐತಿ. ಸುಳ್ಳ ಯಾಕ ಹೇಳೂದು? ಹೋದ ವರ್ಷ ಹನ್ನೆರಡನೇತ್ತೆ ಪರೀಕ್ಷಾದಾಗ ಸಾಯಲಿ ಮೂರು ಪೇಪರ ಬರದಾಕಿ, ಐದು ದಿನ ಮಂಚದ ಕೆಳಗಿಂದ ಹೊರಗ ಬರಲಿಲ್ಲ. ಉಳಿದ ಪೇಪರ ಮುಳುಗಿದ್ವು. ಆಗ ಸೋಲಾಪುರದ ಡಾಕ್ಟರೊಬ್ಬರು ಇದಕ್ಕ ಆಟಿಸಂ ಅಂತಾರ ಅಂದ್ರು. ಪರೀಕ್ಷಾಕ್ಕ ಬ್ಯಾರೆ ಖೋಲಿ, ಹೆಚ್ಚಿಂದು ಟೈಮ ಸಿಗಬೇಕಂದ್ರ ಸರ್ಕಾರಿ ದವಾಖಾನಿ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ ಬೇಕು. ಸಿಕ್ತಂದ್ರ ಹುಡುಗಿ ಪಾಸಾಗ್ತಾಳ. ಸಿಗಲಿಲ್ಲಂದ್ರ ವರ ನೋಡಾಕ ಹುಚ್ಚವ್ವ ಟೊಂಕ ಕಟ್ಟಿ ನಿಂತಾಳ.

ಬೋರ್ಡಿನ ದಿನ ಅವ್ವ ಮಗಳು ಎಸ್‌ಟಿ ಹಿಡದು ಸೋಲಾಪುರಕ್ಕ ಹೋದ್ರು. ಗದ್ದಲದ ಬಸ್ಸಿನಾಗ ಸಾಯಲಿ ಉಗುರು ಅಂಗೈಯೊಳಗ ಇಳಿಸಿಕೊಂಡು ನಗುಮಾರಿ ಮಾಡಿ ಕುಂತಿದ್ಲು. ಬೋರ್ಡಿನ ಡಾಕ್ಟರ್ ಬಾಯಿಯವರ ಖೋಲಿ ಬಾಗಲದಾಗ ರತ್ನಾಬಾಯಿ ಮಗಳ ಓಢಣಿ ಸರಿ ಮಾಡಿದ್ಲು. ಸಾಲಿಗಿ ಹಚ್ಚಿದ ದಿನದಿಂದ ಹೊಸ್ತಿಲದಾಗ ಹೇಳಿಕೋತ ಬಂದ ಮಾತು, ರೂಢಿ ನೋಡ್ರಿ, ಆವತ್ತೂ ಬಾಯಿಗಿ ಬಂತು.

"ಶಾಣ್ಯಾಕಿ ಹಂಗ ಇರವ್ವ."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಏನ ಅಂದ್ನಿ ಅಂತ ರತ್ನಾಬಾಯಿಗಿ ಹೊಳಿಯೂದ್ರಾಗ ಬಾಗಲ ತೆರೀತು.

ಡಾಕ್ಟರ್ ಬಾಯಿ ಮರಾಠಿಯೊಳಗ ಹೆಂಗಿದ್ದೀ ಅಂತ ಕೇಳಿದ್ರು. ಸಾಯಲಿ ಅವರ ಟಿಕಳಿ ನೋಡಿ ನಕ್ಕಳು. "ಮೀ ಬರೀ ಆಹೇ, ಮ್ಯಾಡಮ್. ತುಮ್ಹೀ ಕಶಾ ಆಹಾತ?" ನಾ ಆರಾಮ ಅದೀನಿ, ನೀವು ಹೆಂಗದೀರಿ ಅಂತ. ಗೆಳತ್ಯಾರ ಹೆಸರು ಕೇಳಿದ್ರ ಮೂರು ಹೇಳಿದ್ಲು. ಎಲ್ಲಾ ವಹ್ಯಾಗಿಂದು.

"ಮನ್ಯಾಗ ಹೀಂಗ ಇರಂಗಿಲ್ರಿ" ಅಂತ ರತ್ನಾಬಾಯಿ ಹರಕು ಮುರುಕು ಮರಾಠಿಯೊಳಗ ಕೈ ಜೋಡಿಸಿದ್ಲು.

"ಮನ್ಯಾಗ ಯಾವ ಹುಡುಗಿ ಹಟ ಮಾಡಂಗಿಲ್ಲ, ಆಈ? ಕಣ್ಣಾಗ ಕಣ್ಣಿಟ್ಟು ಮಾತಾಡ್ತಾಳ. ನಿಮಗಿಂತ ಛಂದ ಮಾತಾಡ್ತಾಳ" ಅಂದ್ರು ಡಾಕ್ಟರ್ ಬಾಯಿ. ಹನ್ನೆರಡು ನಿಮಿಷದಾಗ ಎಲ್ಲಾ ಮುಗೀತು. ಕಾಗದದ ಮ್ಯಾಲ ಬರದಿದ್ದು ಎರಡ ಶಬ್ದ: ಪಾತ್ರ ನಾಹೀ.

ಬಸ್ ಸ್ಟ್ಯಾಂಡಿನಾಗ ಸಾಯಲಿ ಅವ್ವನ ಕಿವ್ಯಾಗ ಕೇಳಿದ್ಲು. "ಛಲೋ ಮಾಡಿದ್ನಿಲ್ಲ?"

"ಹೂಂ, ಭಾಳ ಛಲೋ ಮಾಡಿದಿ" ಅಂದ್ಳು ರತ್ನಾಬಾಯಿ. ಇನ್ನೇನ ಅನ್ನಬೇಕು?

ಮನಿಗಿ ಬಂದಮ್ಯಾಲ ಎಂದಿನಗತೆ ಮಂಚದ ಕೆಳಗ. ಆವತ್ತ ಕೈ ಕಚ್ಚಿಕೊಂಡದ್ದಷ್ಟ ಅಲ್ಲ, ಗ್ವಾಡಿಗಿ ತಲಿ ಬಡಕೊಳ್ಳಾಕತ್ತಳು. ಕಾಗದದಾಗ ಏನೈತಿ ಅಂತ ಹುಚ್ಚವ್ವ ಕೇಳಿದ್ಲು. ರತ್ನಾಬಾಯಿ ಓದಿ ಹೇಳಿದ್ಲು.

"ಪಾತ್ರ ಇಲ್ಲಂತ? ಹುಟ್ಟಿದಾಗಿಂದ ಪಾತ್ರನ ಮಾಡಾಕತ್ತಾಳಲ್ಲ."

ಮರಾಠಿಯೊಳಗ ಪಾತ್ರ ಅಂದ್ರ ಯೋಗ್ಯ ಅಂತ. ಮುದುಕಿ ಕನ್ನಡದ ಪಾತ್ರ ಹಿಡದಿದ್ಲು. ತಪ್ಪ ತಿಳಕೊಂಡಿದ್ಲು, ಹೇಳಿದ್ದು ಮಾತ್ರ ಖರೆ. ರತ್ನಾಬಾಯಿಗಿ ಆಕಿ ಮ್ಯಾಲ ಸಿಟ್ಟೂ ಬರಲಿಲ್ಲ.

ತಲಿ ಬಡಕೊಳ್ಳೂದು ನಿಲ್ಲವಲ್ದು. ಇದನ್ನ ತೋರಿಸಿದ್ರರೆ ಬೋರ್ಡಿನವರು ನಂಬ್ತಾರು ಅಂತ ರತ್ನಾಬಾಯಿ ಮೊಬೈಲ್ ತಗೊಂಡು, ಮಂಚದ ಬಾಜೂಕ ಬಗ್ಗಿ, ವಿಡಿಯೋ ಚಾಲೂ ಮಾಡಿದ್ಲು.

ಸಾಯಲಿ ಮೊಬೈಲ್ ನೋಡಿದ್ಲು. ತಲಿ ಬಡಕೊಳ್ಳೂದು ನಿಂತಿತು. ಹೊರಗ ಸರದು ಬಂದು, ಟಾವೆಲ್ ತಗದು, ಓಢಣಿ ಸರಿ ಮಾಡಿಕೊಂಡ್ಳು. ಅವ್ವನ ಹಣಿ ಮ್ಯಾಲಿನ ಟಿಕಳಿ ನೋಡಿ, ಎಷ್ಟ ನಗಬೇಕೋ ಅಷ್ಟ ನಕ್ಕಳು.

"ಮೀ ಬರೀ ಆಹೇ, ಆಈ. ತೂ ಕಶೀ ಆಹೇಸ?"

ಹದಿನೆಂಟು ವರ್ಷದಾಗ ಸಾಯಲಿ ಅವ್ವನ ಕೂಡ ಮರಾಠಿ ಮಾತಾಡಿದ್ದು ಅದ ಮೊದಲು.