ಎಳೆ, ತಲೆ, ನಿಲ್ಲಿಸು

ಬೋರಗಾಂವದ ಸಮ್ಮೇದನ ಮನೆಯಲ್ಲಿ ಅವನ ಮಗಳು ಕಾಜಲಳ ಕೈಗಳನ್ನು ಯಾರೂ ನೋಡುತ್ತಿರಲಿಲ್ಲ. ಅದು ಅಲಕ್ಷ್ಯವಲ್ಲ, ಶಿಸ್ತು. ಹುಟ್ಟುಕಿವುಡಿಯಾದ ಮಗುವಿಗೆ ಐದನೆಯ ವರ್ಷಕ್ಕೆ ಆಪರೇಶನ್ ಮಾಡಿಸಿ, ಕಿವಿಯ ಹಿಂದೆ ಮಷೀನು ಹಾಕಿಸಿಕೊಂಡು ಬಂದಿದ್ದರು. ಆಗ ಮಾತು ಕಲಿಸುವವರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು: ಸನ್ನೆಗೆ ಉತ್ತರ ಕೊಟ್ಟರೆ ಬಾಯಿ ಸೋಮಾರಿಯಾಗುತ್ತದೆ, ಕೈ ಎತ್ತಿದರೆ ಮುಖ ತಿರುಗಿಸಿಬಿಡಿ. ಅಂದಿನಿಂದ ಮನೆಮಂದಿ ಆ ಮಾತನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದರು. ಹುಡುಗಿ ಹೆಬ್ಬೆರಳನ್ನು ಬಾಯಿಗೆ ಒಯ್ದು ನೀರು ಕೇಳಿದರೆ ತಾಯಿ ಪೂನಮ ಗೋಡೆ ನೋಡುವಳು. ಗಂಟಲಿನಿಂದ ಏನಾದರೂ ಸದ್ದು ಹೊರಟರೆ ಮಾತ್ರ ಈ ಕಡೆ ತಿರುಗಿ, ಸೆರಗಿನ ಗಂಟಿನಿಂದ ಒಂದು ಒಣದ್ರಾಕ್ಷಿ ತೆಗೆದು ಬಾಯಿಗೆ ಹಾಕುವಳು. ಬರಬರುತ್ತ ಕಾಜಲ ಒಂದು ಪಾಠ ಚೆನ್ನಾಗಿ ಕಲಿತಳು. ದೊಡ್ಡವರು ಯಾರಾದರೂ ಎದುರಿಗೆ ಬಂದು ಕೂತರೆ ಸಾಕು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವಳು.

ಈಗ ಅವಳಿಗೆ ಎಂಟು ತುಂಬಿತ್ತು. ಮಷೀನಿನಿಂದ ಸದ್ದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬಾಯಿಂದ ಬರುತ್ತಿದ್ದದ್ದು ಬೆರಳೆಣಿಕೆಯ ಶಬ್ದಗಳು, ಅವೂ ದ್ರಾಕ್ಷಿ ಕಂಡಾಗ.

ಅಂಕಲಿಯ ನೀಲಮ ಈ ಮನೆಗೆ ಬರತೊಡಗಿದ್ದು ಮಳೆಗಾಲದ ಆರಂಭದಲ್ಲಿ. ಚಿಕ್ಕೋಡಿಯ ಕಾಲೇಜಿನಲ್ಲಿ ವಿಜ್ಞಾನ ಓದಿ, ಮುಂದೆ ಕಿವುಡ ಮಕ್ಕಳು ಭಾಷೆ ಕಲಿಯುವ ಬಗೆಯ ಮೇಲೆ ಸಂಶೋಧನೆಗೆ ಇಳಿದವಳು. ಭಾಷೆ ಕಿವಿಯಿಂದಲೇ ಬರಬೇಕೆಂದಿಲ್ಲ, ಕಣ್ಣಿನಿಂದಲೂ ಬರುತ್ತದೆ. ಆದರೆ ಯಾವುದಾದರೊಂದು ಬಾಗಿಲಿನಿಂದ ಬಾಲ್ಯದಲ್ಲೇ ಒಳಗೆ ಬರಬೇಕು, ತಡವಾದಷ್ಟೂ ಬಾಗಿಲು ಕಿರಿದಾಗುತ್ತದೆ. ಇದನ್ನು ಅವಳು ಎಷ್ಟೋ ಮಕ್ಕಳಲ್ಲಿ ಕಂಡಿದ್ದಳು. ಸನ್ನೆಭಾಷೆಯಲ್ಲೇ ಕಲಿಸುವ ಒಂದು ಶಾಲೆ ಕಾಜಲಳನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಬೇಕಾಗಿದ್ದದ್ದು ಅಪ್ಪನ ಒಪ್ಪಿಗೆ.

ವಿಚಿತ್ರವೆಂದರೆ ಆ ಅಪ್ಪನ ಮಗ್ಗದ ಶೆಡ್ಡೇ ಒಂದು ಸನ್ನೆಯ ಶಾಲೆಯಾಗಿತ್ತು. ಮನೆಯ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಪವರ್‌ಲೂಮುಗಳು ಹೊಡೆದುಕೊಳ್ಳುವಾಗ ಒದರಿದರೂ ಪಕ್ಕದವನಿಗೆ ಕೇಳದು. ನೇಕಾರರು ಕೈಯಲ್ಲೇ ಮಾತಾಡುತ್ತಿದ್ದರು. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಕೂಡಿಸಿದ ಚಿಮಟಿಗಳಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರೆ ಎಳೆ. ತೆರೆದ ಅಂಗೈ ಎತ್ತಿ ಗಬಕ್ಕನೆ ಮುಷ್ಟಿ ಮಾಡಿದರೆ, ಮಗ್ಗ ನಿಲ್ಲಿಸು.

"ಇಲ್ಲಿ ನಾವೆಲ್ಲಾರೂ ಕಿವುಡ್ರ ರೀ ಅಕ್ಕಾರ," ಎಂದು ಹಳೆಯ ನೇಕಾರ ದಶರಥ ಊಟದ ಬಿಡುವಿನಲ್ಲಿ ನಗಾಡಿದ್ದ. "ನಮ್ಮ ಸಾವಕಾರ್ರಿಗಂತೂ ಪಗಾರ ಹೆಚ್ಚ ಮಾಡ್ರಿ ಅಂದಾಗ ಪೂರಾ ಕಿವುಡ. ನಮಗ್ಯಾರಿಗೂ ಆಪರೇಶನ್ ಮಾಡ್ಸಲಿಲ್ಲ ನೋಡ್ರಿ, ಪಾಪ, ಆ ಕೂಸಿಗಷ್ಟ."

ಕಾಜಲ ತೊಟ್ಟಿಲಿನಲ್ಲಿದ್ದಾಗಿನಿಂದ ಬೆಳೆದದ್ದು ಆ ಶೆಡ್ಡಿನಲ್ಲಿ. ಆಪರೇಶನ್ ಆದಮೇಲೆ ಅಲ್ಲಿಗೆ ಹೋಗುವುದು ಬಂದಾಯಿತು. ಆದರೂ ಮಧ್ಯಾಹ್ನ ಮನೆಯವರು ಮಲಗಿದಾಗ ಅವಳು ಶೆಡ್ಡಿನ ಕಿಟಕಿಯ ಸರಳಿಗೆ ಮುಖ ಹಚ್ಚಿ ದಶರಥನೊಡನೆ ಕೈಮಾತು ಆಡುವುದನ್ನು ನೀಲಮ ನೋಡಿದ್ದಳು. ಒಮ್ಮೆ ಹುಡುಗಿ ಚಿಮಟಿಯಿಂದ ಎಳೆ ಎಳೆದು, ಆಕಾಶದತ್ತ ಕೈ ತೋರಿಸಿದ್ದಳು. ಆಕಾಶದ ಎಳೆ. ಹೊರಗೆ ಮಳೆ ಹನಿಯುತ್ತಿತ್ತು. ಆ ಸನ್ನೆಯನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ತಾನೇ ಎರಡನ್ನು ಕೂಡಿಸಿ ಒಂದು ಮಾಡಿದ್ದಳು. ಭಾಷೆ ಹೊರಗೆ ಬರಲು ತಾನಾಗಿ ತಡಕಾಡುತ್ತಿದೆ, ಹಿಡಿದುಕೊಳ್ಳುವ ಕೈಯೇ ಇಲ್ಲವಲ್ಲ ಎಂದು ನೀಲಮಳಿಗೆ ಕಸಿವಿಸಿಯಾಗಿತ್ತು.

ಶಾಲೆಯ ವಿಷಯ ಎತ್ತಿದಾಗಲೆಲ್ಲ ಸಮ್ಮೇದ ಮುಂದೂಡುತ್ತಿದ್ದ. ಕಡೆಗೆ ಒಂದು ದಿನ ಹೇಳಿದ: "ಚಾತುರ್ಮಾಸಕ್ಕ ಮಹಾರಾಜ್ರು ಊರಾಗ ಬಂದಾರ. ನಾಳೆ ನಮ್ಮ ಮನಿಯಾಗ ಚೌಕಾ ಇಟ್ಟೀವಿ. ಆಹಾರ ಸುಸೂತ್ರ ಆಗ್ಲಿ ರೀ, ಮಧ್ಯಾಹ್ನ ಪಕ್ಕಾ ಹೇಳ್ತೀನಿ."

ಜೈನ ಮುನಿಗಳಿಗೆ ಆಹಾರ ಕೊಡಲು ಮಡಿಯಲ್ಲಿ ಅಣಿಮಾಡಿದ ಅಡಿಗೆಮನೆಯೇ ಚೌಕಾ; ಎಂಟು ತುಂಬಿದವರು ಶುದ್ಧರಾಗಿ ಅದರೊಳಗೆ ನಿಲ್ಲಬಹುದು. ಅಜ್ಜಿ ಜಿನಮತಿಯ ಆಸೆಯೆಲ್ಲ ಅದರಲ್ಲೇ ಇತ್ತು. "ಮಹಾರಾಜ್ರ ದೃಷ್ಟಿ ಬಿದ್ರ ಕೂಸಿಗೆ ಮಾತ ಬರ್ತೈತಿ ನೋಡವ್ವಾ ತಂಗಿ. ನಿನ್ನ ಸಾಲಿ ಗೀಲಿ ಏನೂ ಬೇಕಾಗಂಗಿಲ್ಲ," ಎಂದಿದ್ದಳು.

ಮರುದಿನ ಬೆಳಿಗ್ಗೆ ಕಾಜಲಳಿಗೆ ತಲೆಗೆ ನೀರು ಹಾಕಿ, ಮಡಿಬಟ್ಟೆ ಉಡಿಸಿ, ಕಿವಿಯ ಮಷೀನು ತೆಗೆದಿಟ್ಟು ಒಳಗೆ ನಿಲ್ಲಿಸಿದರು. ನೀಲಮ ಮಕ್ಕಳ ಸನ್ನೆಗಳನ್ನು ಚಿತ್ರೀಕರಿಸುವ ತನ್ನ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಬಾಗಿಲಾಚೆ ಪಡಸಾಲೆಯಲ್ಲಿ ನಿಂತಳು. ಬಾಗಿಲಲ್ಲಿ "ನಮೋಸ್ತು ಮಹಾರಾಜ್, ನಮೋಸ್ತು" ಎಂಬ ಕೂಗೆದ್ದಿತು. ಮುನಿಗಳು ಒಳಗೆ ಬಂದು, ಪಾದಪೂಜೆಯಾದ ಮೇಲೆ ಎದ್ದು ನಿಂತು, ಎರಡೂ ಅಂಗೈಗಳನ್ನು ಕೂಡಿಸಿ ಬಟ್ಟಲು ಮಾಡಿದರು.

ಆಮೇಲೆ ಅವರದು ಪೂರ್ತಿ ಮೌನ. ಕಿರುಬೆರಳು ತುಸು ಅಲುಗಿದರೆ ಪೂನಮ ನೀರು ಹಾಕಿದಳು. ಹೆಬ್ಬೆರಳು ಮಡಿಚಿದರೆ ಜಿನಮತಿ ತುಪ್ಪ ಹಿಂದೆ ಸರಿಸಿದಳು. ಇಡೀ ಮನೆ ಉಸಿರು ಬಿಗಿಹಿಡಿದು ಎರಡು ಕೈಗಳನ್ನು ಓದುತ್ತಿತ್ತು. ಕಾಜಲ ಮಾತ್ರ ಎಲ್ಲರ ಮುಖ ನೋಡುತ್ತಿದ್ದಳು. ಈ ಮನೆಯ ಕಣ್ಣುಗಳು ಒಂದು ಕೈಯ ಮೇಲೆ ಹೀಗೆ ನೆಟ್ಟಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವಳ ಮುಖ ಮೆಲ್ಲಗೆ ಅರಳಿತು.

ಅಷ್ಟರಲ್ಲಿ ಅವಳ ದೃಷ್ಟಿ ಅಜ್ಜಿಯ ಕೈಯಲ್ಲಿದ್ದ ಅನ್ನದ ಬಟ್ಟಲಿಗೆ ಬಿತ್ತು. ಬಟ್ಟಲು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕಿತ್ತು. ಹುಡುಗಿ ಎದುರಿಗೆ ನಿಂತಿದ್ದ ಅಪ್ಪನ ಕಡೆ ತಿರುಗಿ ಕೈ ಎತ್ತಿದಳು. ಚಿಮಟಿಯಿಂದ ಗೆರೆ ಎಳೆದಳು. ತನ್ನ ತಲೆ ಮುಟ್ಟಿಕೊಂಡಳು. ಅಂಗೈ ಎತ್ತಿ ಮುಷ್ಟಿ ಮಾಡಿದಳು. ಮತ್ತೆ ಅದನ್ನೇ, ಇನ್ನೂ ದೊಡ್ಡದಾಗಿ.

ಹೊರಗೆ ನಿಂತಿದ್ದ ನೀಲಮಳಿಗೆ ಆ ಸನ್ನೆ ಹೊಸದು. ಎಳೆ, ತಲೆ. ತಲೆಯ ಎಳೆ. ಅದು ಕೂದಲು ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಜಿನಮತಿ ತುತ್ತು ಇಟ್ಟಾಗಿತ್ತು.

ಮುನಿಗಳ ಹೆಬ್ಬೆರಳು ಅನ್ನವನ್ನು ತಡವಿ, ಒಂದು ಕಡೆ ನಿಂತಿತು. ಕೂಡಿದ್ದ ಕೈಗಳು ಬಿಚ್ಚಿಕೊಂಡವು. ಅನ್ನ ಕೆಳಗೆ ಬಿತ್ತು. ಅವರು ಸುಮ್ಮನೆ ಕೆಳಗೆ ಕುಳಿತುಬಿಟ್ಟರು.

"ಅಂತರಾಯ!" ಎಂದಿತು ಯಾವುದೋ ದನಿ. ಅನ್ನದಲ್ಲಿ ಕೂದಲು ಸಿಕ್ಕರೆ ಮುನಿಗಳ ಆಹಾರ ಅಲ್ಲಿಗೇ ನಿಲ್ಲುತ್ತದೆ; ಇನ್ನು ನಾಳೆಯವರೆಗೆ ಅವರಿಗೆ ಹನಿ ನೀರೂ ಇಲ್ಲ. ಜಿನಮತಿ ಗೋಡೆಗೆ ಹಣೆ ಹಚ್ಚಿ ಅಳತೊಡಗಿದಳು. ಮುನಿಗಳ ಮುಖದಲ್ಲಿ ಬೇಸರವಿರಲಿಲ್ಲ. ಹೊರಡುವಾಗ ಎಲ್ಲರಿಗೂ ಕೈಯೆತ್ತಿ ಆಶೀರ್ವಾದ ಮಾಡಿದರು. ಆದರೆ ಜೊತೆಗೆ ಬಂದಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ತಡೆಯಲಾರದೆ ಅಂದುಬಿಟ್ಟಳು: "ಅಂಥಾ ಕೂಸನ್ನ ಒಳಗ ಯಾಕ ನಿಲ್ಲಿಸ್ಬೇಕಿತ್ತ ರೀ? ಕೈ ಕುಣಿಸ್ಕೋತ ನಿಂತಿತ್ತ, ಎಲ್ಲಾರ ಚಿತ್ತ ಕೆಡಿಸ್ತ."

ಪೂನಮ ಮಗಳ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. ಎರಡು ಪೆಟ್ಟಿನ ಸದ್ದು ಕೇಳಿತು. ಅವು ಬಿದ್ದದ್ದು ಕೈಗಳ ಮೇಲೆ.

ಮಧ್ಯಾಹ್ನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಗ್ಗಗಳೂ ನಿಂತಿದ್ದವು. ಎಲ್ಲರೂ ಉಪವಾಸ ಕೂತಿದ್ದ ಪಡಸಾಲೆಯಲ್ಲಿ ನೀಲಮ ಬಾಯಿಬಿಟ್ಟಳು.

"ಅಜ್ಜೀ, ಕಾಜಲ ಹೇಳಿದ್ಲ ರೀ. ಅನ್ನದಾಗ ಕೂದಲ ಐತಿ, ನಿಲ್ಲಿಸ್ರಿ ಅಂತ. ನನಗ ತಿಳಿಯೂದು ತಡಾ ಆತು."

ಜಿನಮತಿ ಒಣಗಿದ ಕಣ್ಣುಗಳಿಂದ ನೋಡಿದಳು. "ಹೇಳಿದ್ಲಂತ! ಬಾಯೇ ಇಲ್ಲದಕಿ ಏನ ಹೇಳ್ತಾಳವ್ವಾ? ಗಾಯಕ್ಕ ಉಪ್ಪ ಹಚ್ಚಬ್ಯಾಡ."

"ಹೇಳಿದ್ಲು," ಎಂದ ಸಮ್ಮೇದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. "ನನಗ ಹೇಳಿದ್ಲ ಅವ್ವಾ. ನಾ ನೋಡ್ದೆ. ಶೆಡ್ಡಿನಾಗ ಯಾರರೆ ಆ ಮುಷ್ಟಿ ಮಾಡಿದ್ರ ಜಿಗದ ಹೋಗಿ ಸ್ವಿಚ್ ಬಂದ್ ಮಾಡ್ತಿದ್ದೆ. ಮಗಳ ಕೈ ಅಂತ ಮುಖಾ ತಿರುವಿದೆ. ರೂಢಿ ಆಗೇತಿ."

ಅವನು ಎದ್ದು ಮೂಲೆಯಲ್ಲಿದ್ದ ಮಗಳ ಎದುರು ಹೋಗಿ ಮಂಡಿಯೂರಿ ಕುಳಿತ. "ಇನ್ನೊಮ್ಮೆ ಹೇಳ್ಲಿ ರೀ ಅಕ್ಕಾರ. ಇವ್ರೆಲ್ಲಾರ ಮುಂದ ಒಮ್ಮೆ ಹೇಳ್ಲಿ. ನಾಳೇನ ಸಾಲಿಗೆ ಬಿಟ್ಟ ಬರ್ತೀನಿ."

ಅವನು ಎರಡು ಚಿಮಟಿಗಳನ್ನು ಕೂಡಿಸಿ, ಮಗಳ ಮುಖದೆದುರು ನಿಧಾನವಾಗಿ ಒಂದು ಎಳೆ ಎಳೆದ.

ಕಾಜಲ ಅಪ್ಪನ ಕೈಯನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. ಕೆಂಪಾಗಿದ್ದ ತನ್ನ ಅಂಗೈಗಳನ್ನು ಒಂದೊಂದಾಗಿ ತೊಡೆಯ ಕೆಳಗೆ ಸರಿಸಿ, ಅವುಗಳ ಮೇಲೆ ಭಾರ ಹಾಕಿ ಕುಳಿತಳು. ತುಟಿಗಳನ್ನು ಬಿಗಿದು, ಬಿಟ್ಟಳು.

"ಪ... ಪ್ಪಾ."

ಇಷ್ಟು ಸ್ಪಷ್ಟವಾಗಿ ಅವಳು ಹಿಂದೆಂದೂ ಅಂದಿರಲಿಲ್ಲ.

"ಅಂದ್ಲು!" ಎಂದು ಪೂನಮ ಎದ್ದೇ ಬಿಟ್ಟಳು. "ಅತ್ತೀ, ಕೇಳಿದ್ರೇನ್ರಿ? ಮಷೀನ್ ಇಲ್ದನ ಪಪ್ಪಾ ಅಂದ್ಲು!" ಜಿನಮತಿ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು. "ಮಹಾರಾಜ್ರು ಉಪವಾಸ ಹೋದ್ರೂ ಆಶೀರ್ವಾದ ಬಿಟ್ಟ ಹೋಗ್ಯಾರ. ಸಮ್ಮೇದಾ, ಸಾಲಿ ಸುದ್ದಿ ಇನ್ನ ತಗೀಬ್ಯಾಡಪಾ. ಇನ್ನೊಂದ ವರ್ಷ ನೋಡೂಣು."

ನೀಲಮ ಸಮ್ಮೇದನ ಮುಖ ನೋಡಿದಳು. ಅವನು ತಿರುಗಲಿಲ್ಲ. ಅವನ ಬೆರಳುಗಳು ಇಲ್ಲದ ಎಳೆಯ ಎರಡು ತುದಿಗಳನ್ನು ಹಿಡಿದು ಹಾಗೆಯೇ ನಿಂತಿದ್ದವು.

ಪೂನಮ ಸೆರಗಿನ ಗಂಟು ಬಿಚ್ಚಿದಳು. ಕಾಜಲ, ಅಂಗೈಗಳ ಮೇಲೆ ಕುಳಿತಂತೆಯೇ, ದ್ರಾಕ್ಷಿಗಾಗಿ ಬಾಯಿ ತೆರೆದಳು.