ಬುತ್ತಿ ಬಿಚ್ಚುವ ಮುನ್ನ

“ಎಲ್ಲೇ ಕುಂತಿರು, ಯಾರ ಮುಂದ ಬೇಕಾದ್ರೂ ಕುಂತಿರು, ಉಣ್ಣೂಕಿಂತ ಮೊದ್ಲ ಬಾಯಿಬಿಟ್ಟು ಪ್ರಾರ್ಥನಾ ಮಾಡ್ತೀನಿ ಅನ್ನು,” ಎಂದಿದ್ದಳು ರೂತವ್ವ, ವಿಜಯಪುರದ ದವಾಖಾನೆಯ ಮಂಚದ ಮೇಲೆ ಮಲಗಿಕೊಂಡು. ಮಗಳು ಎಸ್ತರ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಆಗ ಅವಳಿಗೆ ಹತ್ತೊಂಬತ್ತು.

“ಹೂಂ, ಮಾಡ್ತೀನಿ. ಮೊದ್ಲ ನೀ ಕುಡಿ.”

“ಹಂಗಲ್ಲ. ಮಾತ ಕೊಡು.”

ಎಸ್ತರ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವ್ವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ರೂತವ್ವ ಸಣ್ಣವಳಿದ್ದಾಗ ಕಳ್ಳಕವಟಗಿಯಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿ ಕುಳಿತು, ಪಕ್ಕದ ಹುಡುಗಿಯರು ನಕ್ಕಾರೆಂದು ಅಂಜಿ, ಪ್ರಾರ್ಥನೆಗೆ ಕಣ್ಣು ಮುಚ್ಚದೆ ಉಂಡು ಎದ್ದಿದ್ದಳಂತೆ. ಅದೊಂದನ್ನು ಕಡೆಯವರೆಗೂ ಮರೆತಿರಲಿಲ್ಲ. ಕೋಳಿ ಕೂಗುವ ಮೊದಲೇ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಪಕ್ಕ ತನ್ನನ್ನೂ ನಿಲ್ಲಿಸಿಕೊಂಡಿದ್ದಳು. ಮಗಳಿಂದ ಮಾತು ತೆಗೆದುಕೊಂಡ ಎಂಟನೆಯ ದಿನಕ್ಕೆ ತೀರಿಕೊಂಡಳು.

ಅದಾಗಿ ಇಪ್ಪತ್ತೆರಡು ವರ್ಷ. ಎಸ್ತರ ಮದುವೆಯಾಗಿ ತಿಕೋಟಾಕ್ಕೆ ಬಂದಳು, ಎರಡು ಹಡೆದಳು. ಬಿಜ್ಜರಗಿ ರಸ್ತೆಯ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗತೊಡಗಿ ಈಗ ಒಂಬತ್ತನೆಯ ವರ್ಷ. ಮನೆಯಲ್ಲಿ, ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ, ಗಂಡನ ಗೆಳೆಯರ ಮನೆಯ ಸೀಮಂತದ ಊಟದಲ್ಲಿ, ಎಲ್ಲೂ ಅವಳು ಮಾತು ತಪ್ಪಿರಲಿಲ್ಲ.

ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು ತಾಡಪತ್ರಿಯ ಮೇಲೆ ಎದುರುಬದುರು ಕುಳಿತು, ಮುಂದೆ ಸುರಿದ ರಾಶಿಯಿಂದ ಕಡ್ಡಿ ಕೀಳುವುದು, ಕಪ್ಪಗಾದದ್ದನ್ನು ಬೇರೆ ಮಾಡುವುದು. ಗಂಧಕದ ಹೊಗೆ ಕೊಟ್ಟ ದ್ರಾಕ್ಷಿ, ಮೂಗಿಗೆ ಸೆರಗು ಕಟ್ಟಿಕೊಂಡರೂ ಕಣ್ಣು ಉರಿಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಮೇಸ್ತ್ರಿ ಶಂಕ್ರೆಪ್ಪ ಕಬ್ಬಿಣದ ಪಟ್ಟಿ ಬಾರಿಸಿದರೆ ಎಲ್ಲರೂ ಕೈ ತೊಳೆದುಕೊಂಡು ಬುತ್ತಿ ಗಂಟು ಹಿಡಿದು ಗೋಡೆಯ ನೆರಳಿಗೆ ಬರುತ್ತಿದ್ದರು. ಮೊದಮೊದಲು ಎಸ್ತರ ಪ್ರಾರ್ಥನೆ ಮುಗಿಸುವ ಹೊತ್ತಿಗೆ ಉಳಿದವರದು ಅರ್ಧ ರೊಟ್ಟಿ ಮುಗಿದಿರುತ್ತಿತ್ತು. ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ, ಒಬ್ಬೊಬ್ಬರೇ ಕಾಯತೊಡಗಿದರು. ಈಗ ಅವಳು ಆಮೆನ್ ಅನ್ನುವವರೆಗೆ ಯಾರೂ ಗಂಟು ಬಿಚ್ಚುತ್ತಿರಲಿಲ್ಲ. ಅವಳೂ ಬರೀ ಊಟಕ್ಕೆ ಸ್ತೋತ್ರ ಹೇಳಿ ನಿಲ್ಲಿಸುತ್ತಿರಲಿಲ್ಲ. ಸೀತವ್ವನ ಮೊಣಕಾಲು, ಶಂಕ್ರೆಪ್ಪನ ತಾಯಿಯ ಕಣ್ಣಿನ ಪೊರೆ, ಆಶಾಬಿಯ ಮೊಮ್ಮಗನ ಪರೀಕ್ಷೆ, ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಿದ್ದಳು.

“ಲಗೂ ಮುಗಸ ಬೇ, ಪಲ್ಯಾ ಹಳಸತೈತಿ,” ಎನ್ನುತ್ತಿದ್ದಳು ಸೀತವ್ವ. ಎಲ್ಲರಿಗಿಂತ ಹಿರಿಯಳು, ತನ್ನ ಮೊಣಕಾಲಿನ ಹೆಸರು ಬಂದ ದಿನ ಮಾತ್ರ ಗಡಿಬಿಡಿ ಮಾಡುತ್ತಿರಲಿಲ್ಲ. ಎಸ್ತರ ಪ್ರಾರ್ಥನೆಯಲ್ಲಿ ಮಾತ್ರ ಬೈಬಲ್ಲಿನ ಕನ್ನಡ ಆಡುವುದು ಅವಳಿಗೆ ತಮಾಷೆ. “ನಮ್ಮ ದೇವರು ಸಿದ್ದಪ್ಪಗ ಹೆಂಗ ಹೇಳಿದ್ರೂ ನಡೀತೈತಿ. ಈಕಿ ದೇವರು ಸಾಲಿ ಕಲತಾನವಾ.”

ಏಪ್ರಿಲ್ ತಿಂಗಳ ಒಂದು ಮಂಗಳವಾರ ಮುಂಜಾನೆ, ನೀರಿನ ಟಾಕಿಯ ಹತ್ತಿರ ಇಮಾಮಬಿ ಎಸ್ತರಳ ಮೊಣಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದಳು. ಒಂಬತ್ತು ವರ್ಷದಿಂದ ಇಬ್ಬರೂ ಅಕ್ಕಪಕ್ಕ ಕುಳಿತು ಕೆಲಸ ಮಾಡಿದವರು, ಒಂದೇ ಟಂಟಂ ಹತ್ತಿ ಬರುವವರು.

“ಶುಕ್ರವಾರ ಬಬಲೇಶ್ವರದವರು ನಾಜಿಯಾನ ನೋಡಾಕ ಬರ್ತಾರ,” ಎಂದಳು ಇಮಾಮಬಿ, ಮಗಳ ಮದುವೆಯ ಮಾತು ತೆಗೆದು. “ಹುಡುಗನ ಹೆಸರು ಸಾದಿಕ. ಮೊಬೈಲ್ ರಿಪೇರಿ ಅಂಗಡಿ ಐತಿ. ಛಲೋ ಮಂದಿ.”

“ಛಲೋ ಆತಲ್ಲ.”

“ಏನ್ ಛಲೋ. ಅಕಿಗೆ ಮೂರ್ಚಿ ಬರ್ತಾವು. ಎರಡ ವರ್ಷ ಗುಳಿಗಿ ನುಂಗಿ ಕಡಿಮಿ ಆಗಿದ್ವು. ಮೊನ್ನಿ ಮತ್ತ ಬಂತು, ಒಲಿ ಮುಂದ.” ಇಮಾಮಬಿ ಸುತ್ತ ನೋಡಿದಳು. “ಶುಕ್ರವಾರ ಒಂದಿನ ಬರದಿದ್ರ ಸಾಕು. ನಾ ದುವಾ ಮಾಡಾಕತ್ತೇನಿ. ನಿನ್ನ ದೇವರಿಗೂ ಒಂದ ಮಾತ ಹೇಳು. ಮತ್ತ ಯಾರ್ಗೂ ಹೇಳಬ್ಯಾಡ.”

“ನಾ ಯಾರ್ಗಿ ಹೇಳ್ಲಿ ಬೇ. ಹೇಳ್ತೀನಿ ದೇವರಿಗೆ.”

ಮಧ್ಯಾಹ್ನದವರೆಗೂ ಎಸ್ತರಳ ತಲೆಯಲ್ಲಿ ಅದೇ ಇತ್ತು. ಕಡ್ಡಿ ಕೀಳುತ್ತ ನಾಜಿಯಾಳನ್ನು ನೆನೆದಳು. ನಾಜಿಯಾ ಹೈಸ್ಕೂಲಿಗೆ ಹೋಗುವಾಗ ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು, ಈಗ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಆ ಹುಡುಗಿ ಒಲೆಯ ಮುಂದೆ ಬಿದ್ದದ್ದು ಕಣ್ಣಿಗೆ ಕಟ್ಟಿತು.

ಪಟ್ಟಿ ಬಾರಿಸಿತು. ಗೋಡೆಯ ನೆರಳಲ್ಲಿ ಎಲ್ಲರೂ ಕುಳಿತರು. ಎಸ್ತರ ಸೆರಗು ತಲೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು.

“ಕರ್ತನೇ, ಈ ಹೊತ್ತಿನ ಆಹಾರಕ್ಕಾಗಿ ನಿನಗೆ ಸ್ತೋತ್ರ. ನಮ್ಮ ಕೈಗಳಿಗೆ ಕೆಲಸ ಕೊಟ್ಟದ್ದಕ್ಕಾಗಿ ಸ್ತೋತ್ರ. ಸೀತವ್ವನ ಮೊಣಕಾಲುಗಳನ್ನು ಬಲಪಡಿಸು. ಶಂಕ್ರೆಪ್ಪನವರ ತಾಯಿಗೆ ಕಣ್ಣಿನ ಬೆಳಕನ್ನು ದಯಪಾಲಿಸು. ನಿನ್ನ ಮಗಳಾದ ನಾಜಿಯಾಳನ್ನು ಮುಟ್ಟು, ತಂದೆಯೇ. ಅವಳ ಮೂರ್ಛೆರೋಗವನ್ನು ತೆಗೆದುಹಾಕು. ಶುಕ್ರವಾರ ಬಬಲೇಶ್ವರದವರು ಬರುವಾಗ ಆ ರೋಗವು ಅವಳ ಹತ್ತಿರ ಸುಳಿಯದಂತೆ ಕಾಯಿ. ಆಮೆನ್.”

ಕಣ್ಣು ತೆರೆದಳು. ದಿನವೂ ಆಮೆನ್ ಆದೊಡನೆ ಡಬ್ಬಿಯ ಮುಚ್ಚಳಗಳ ಸಪ್ಪಳವಾಗುತ್ತಿತ್ತು. ಇಂದು ಯಾರೂ ಗಂಟಿಗೆ ಕೈ ಹಚ್ಚಿರಲಿಲ್ಲ. ಆಶಾಬಿ ಇಮಾಮಬಿಯ ಮುಖ ನೋಡುತ್ತಿದ್ದಳು. ಆಶಾಬಿಯ ತಂಗಿಯನ್ನು ಕೊಟ್ಟದ್ದು ಬಬಲೇಶ್ವರಕ್ಕೆ, ಸಾದಿಕನ ಮನೆಯಿಂದ ನಾಲ್ಕು ಮನೆ ಆಚೆಗೆ. ಅದು ಎಲ್ಲರಿಗೂ ಗೊತ್ತಿದ್ದ ಮಾತು, ಎಸ್ತರಳಿಗೂ.

ಇಮಾಮಬಿ ಬಿಚ್ಚದ ಬುತ್ತಿಯನ್ನು ಹಾಗೇ ಎತ್ತಿಕೊಂಡು ಎದ್ದಳು. ಶೆಡ್ಡಿನೊಳಗೆ ಹೋಗಿ ತನ್ನ ರಾಶಿಯ ಮುಂದೆ ಕುಳಿತು ಕಡ್ಡಿ ಕೀಳತೊಡಗಿದಳು. ಎಸ್ತರ ಹಿಂದೆಯೇ ಹೋದಳು. “ಇಮಾಮಬಿ, ನನಗ ತಿಳೀಲಿಲ್ಲವಾ. ಬಾಯಿಗಿ ಬಂದಬಿಡ್ತು.” ಇಮಾಮಬಿ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಂಜೆ ಬೇರೆ ಟಂಟಂ ಹತ್ತಿ ಹೋದಳು.

ಬುಧವಾರ ಅವಳು ಕೆಲಸಕ್ಕೆ ಬರಲಿಲ್ಲ, ಗುರುವಾರವೂ ಬರಲಿಲ್ಲ. ಶುಕ್ರವಾರ ಬಬಲೇಶ್ವರದವರು ಬರಲಿಲ್ಲ. ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದು ಫೋನು ಬಂತಂತೆ, ಮುಂದೆ ಯಾವಾಗ ಬರುತ್ತೇವೆಂದು ಹೇಳಲಿಲ್ಲವಂತೆ. ಅಂದು ಮಧ್ಯಾಹ್ನವೇ ಶೆಡ್ಡಿಗೆ ಈ ಸುದ್ದಿ ತಂದವಳು ಆಶಾಬಿಯೇ.

“ನೀ ಹೇಳಿದ್ದಿ ಹೌದಿಲ್ಲೋ?” ಎಂದು ಸೀತವ್ವ ಅವಳ ಮೇಲೆ ಹರಿಹಾಯ್ದಳು.

“ನಾ ಯಾಕ ಹೇಳ್ಲಿ? ತಂಗಿ ಕೇಳಿದ್ಲು, ಹುಡುಗಿ ಹೆಂಗದಾಳ ಅಂತ. ಸುಳ್ಳ ಹೇಳ್ಲೇನ?” ಆಶಾಬಿ ಎಸ್ತರಳ ಕಡೆ ಗದ್ದ ಚಾಚಿದಳು. “ಮೈಕ್ ಹಚ್ಚಿದಂಗ ಹೇಳಿದಾಕಿ ಅಲ್ಲಿ ಕುಂತಾಳ. ಅಕಿನ್ನ ಕೇಳ ಬೇ.”

ಆ ಸಂಜೆ ಮನೆಯಲ್ಲಿ ಎಸ್ತರ ಗಂಡನಿಗೆ ಎಲ್ಲ ಹೇಳಿದಳು. ಪ್ರಭುದಾಸ ಆಟೋ ಓಡಿಸುವವನು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಚಹಾ ಕುಡಿಯುತ್ತಿದ್ದ.

“ಮೂರ ದಿನದಿಂದ ಕ್ಷಮಾ ಬೇಡಾಕತ್ತೇನಿ,” ಎಂದಳು.

“ಯಾರಿಗಿ?”

“ದೇವರಿಗೆ.”

“ಅಂವ ಮಾಡ್ಯಾನ ಬಿಡು. ಅವನ ಹತ್ರ ಕೇಳೂದು ಸಸಾರ,” ಎಂದು ಅವನು ಚಹಾದ ಬಸಿಯನ್ನು ಕೆಳಗಿಟ್ಟ. “ಇಮಾಮಬಿ ಮನಿಗಿ ಹೋಗು.”

ಭಾನುವಾರ ವಿಜಯಪುರದಲ್ಲಿ ಆರಾಧನೆ ಮುಗಿಸಿ, ತಿಕೋಟಾದಲ್ಲಿ ಬಸ್ಸಿಳಿದ ಎಸ್ತರ ಮನೆಗೆ ಹೋಗದೆ ನೇರ ಇಮಾಮಬಿಯ ಓಣಿಗೆ ನಡೆದಳು. ಬಿಸಿಲು ಇಳಿದಿರಲಿಲ್ಲ. ಇಮಾಮಬಿ ಬಾಗಿಲಲ್ಲೇ ಕುಳಿತು ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು. ಒಳಗೆ ಹೊಲಿಗೆ ಯಂತ್ರದ ಸದ್ದು. ಎಸ್ತರ ಹೊಸ್ತಿಲ ಈಚೆಗೆ, ಕಲ್ಲಿನ ಮೇಲೆ ಕುಳಿತಳು.

“ತಪ್ಪ ಮಾಡೇನಿ,” ಎಂದಳು.

ಇಮಾಮಬಿ ನಾಲ್ಕೈದು ಕಾಯಿಗಳ ತೊಟ್ಟು ತೆಗೆದಳು. “ದೇವರಿಗಿ ಹೇಳು ಅಂದಿದ್ದೆ. ಆಶಾಬಿಗೆ ಹೇಳು ಅಂದಿದ್ನೇನ?”

“ಇಲ್ಲ.”

“ನಾನೂ ದಿನಾ ಐದ ಹೊತ್ತ ನಮಾಜ ಮಾಡ್ತೀನಿ ಎಸ್ತರವ್ವ. ದುವಾ ಬೇಡೂ ಮುಂದ ಕೈ ಎತ್ತತೀನಿ, ತುಟಿ ಅಳ್ಳಾಡ್ತಾವು, ಪಕ್ಕದಾಗ ಕುಂತ ನನ್ನ ಮಗಳಿಗೂ ಕೇಳ್ಸೂದಿಲ್ಲ. ಆದ್ರೂ ಅಂವಗ ಕೇಳಸ್ತೈತಿ. ನಿಮ್ಮಾಂವಗ ಕಿವಿ ಮಂದ ಏನ?”

ಎಸ್ತರ ಅವ್ವನಿಗೆ ಕೊಟ್ಟ ಮಾತಿನ ಬಗ್ಗೆ ಹೇಳಿದಳು. ದವಾಖಾನೆ, ಕಳ್ಳಕವಟಗಿಯ ಮದುವೆ, ಎಲ್ಲ. ಇಮಾಮಬಿ ಕೇಳಿಸಿಕೊಂಡಳು.

“ನಿಮ್ಮವ್ವ ನಿನ್ನ ನಾಚಿಕಿ ಬಿಡಸಾಕ ಹೇಳಿದ್ಲು. ನನ್ನ ಮನಿ ಬಾಗಲಾ ತಗದ ಇಡು ಅಂತ ಹೇಳಿರಾಕಿಲ್ಲ,” ಎಂದಳು.

ಒಳಗೆ ಯಂತ್ರ ನಿಂತಿತು. ನಾಜಿಯಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಳು. ಅವಳ ಮುಂಗೈಯ ಮೇಲೆ ಒಲೆಯ ಬೆಂಕಿ ತಾಗಿದ ಗಾಯ ಇನ್ನೂ ಹಸಿಯಾಗಿತ್ತು. “ಅಮ್ಮಾ, ಸಾಕಲ್ಲ,” ಎಂದಳು. ಎಸ್ತರಳಿಗೆ ಸ್ವಲ್ಪ ಧೈರ್ಯ ಬಂತು.

“ಮೌಶಿ, ನಾ ಎಂಟನೇತ್ತ ಇದ್ದಾಗ ಸಾಲ್ಯಾಗ ಪ್ರಾರ್ಥನಾ ಹೊತ್ನ್ಯಾಗ ಬಿದ್ದಿದ್ದೆ. ಇಡೀ ಸಾಲಿ ನೋಡೇತಿ. ತಿಕೋಟಾದಾಗ ಗೊತ್ತಿಲ್ಲದ್ದು ನಮ್ಮಮ್ಮಗ ಒಬ್ಬಾಕಿಗೆ, ಯಾರ್ಗೂ ಗೊತ್ತಿಲ್ಲ ಅಂತ ತಿಳಕೊಂಡಾಳ.” ಹುಡುಗಿ ನಗಲಿಲ್ಲ. “ಆದ್ರ ಸಾದಿಕಗ ನಾನ ಹೇಳಾಕಿದ್ದೆ. ಬಂದಾಗ ಇಬ್ಬರನ್ನ ಹತ್ತ ನಿಮಿಷ ಮಾತಾಡಾಕ ಬಿಡ್ತಾರಲ್ಲ, ಅವಾಗ ಹೇಳೂದು ಅಂತ ಮಾಡಿದ್ದೆ. ನಾ ಹೇಳಿ, ಅಂವ ಒಲ್ಲೆ ಅಂದ್ರ ಆ ಮಾತ ಬ್ಯಾರೆ. ಈಗ ಫೋನಿನ್ಯಾಗ ಯಾರೋ ಹೇಳ್ಯಾರ. ನಾ ಮುಚ್ಚಿಟ್ಟಾಕಿ ಆದೆ.”

ತಾನು ಇಮಾಮಬಿಯ ಗುಟ್ಟು ಒಡೆದೆ ಎಂದಷ್ಟೇ ಅವಳು ಇಲ್ಲಿಯವರೆಗೆ ತಿಳಿದಿದ್ದಳು.

“ನಾ ಬಬಲೇಶ್ವರಕ್ಕ ಹೋಗಿ ಅವರ ಮನ್ಯಾಗ ಹೇಳಿ ಬರ್ಲೇನ ಬೇ?” ಎಂದಳು ಕಡೆಗೆ.

“ಬ್ಯಾಡ್ರಿ ಮೌಶಿ,” ಎಂದಳು ನಾಜಿಯಾ. “ನೀವ ಮತ್ತ ಯಾರ ಮುಂದನೂ ಏನೂ ಹೇಳಬ್ಯಾಡ್ರಿ.” ಒಳಗೆ ಹೋದಳು. ಯಂತ್ರ ಮತ್ತೆ ಶುರುವಾಯಿತು. ಎಸ್ತರ ಏಳುವಾಗ ಇಮಾಮಬಿ, “ನೀರ ಕುಡದ ಹೋಗು,” ಎಂದಳು, ಕೈಯ ಖಾರ ತಾಗದಂತೆ ಮೊಣಕೈಯಿಂದ ಕೊಡ ತೋರಿಸಿ. ಎಸ್ತರ ಬೊಗಸೆಯಲ್ಲಿ ನೀರು ಕುಡಿದು ಹೋದಳು.

ಸೋಮವಾರ ಇಮಾಮಬಿ ಕೆಲಸಕ್ಕೆ ಬಂದಳು. ಎಸ್ತರಳ ಪಕ್ಕದ ತನ್ನ ಜಾಗ ಬಿಟ್ಟು ಬಾಗಿಲ ಹತ್ತಿರದ ರಾಶಿಗೆ ಕುಳಿತಳು. ಶಂಕ್ರೆಪ್ಪ, “ಯಾಕ ಇಮಾಮಬಿ, ಜಾಗಾ ಬದಲಿ?” ಎಂದದ್ದಕ್ಕೆ, “ಇಲ್ಲಿ ಗಾಳಿ ಐತ್ರಿ,” ಎಂದಳು. ಎಸ್ತರ ಕಡ್ಡಿ ಕೀಳುತ್ತ ಮಧ್ಯಾಹ್ನದ ಪ್ರಾರ್ಥನೆಯನ್ನು ಕೂಡಿಸಿಕೊಂಡಳು. ಹೆಸರು ತೆಗೆಯುವುದು ಬೇಡ. ಊಟಕ್ಕಾಗಿ ಸ್ತೋತ್ರ, ಕೆಲಸಕ್ಕಾಗಿ ಸ್ತೋತ್ರ, ಆಮೆನ್. ಅಷ್ಟರಿಂದ ಯಾರಿಗೂ ನೋವಾಗಲಿಕ್ಕಿಲ್ಲ, ಅವ್ವನ ಮಾತೂ ಉಳಿಯುತ್ತದೆ.

ಪಟ್ಟಿ ಬಾರಿಸಿತು. ಗೋಡೆಯ ನೆರಳಲ್ಲಿ ಹದಿನಾಲ್ಕೂ ಮಂದಿ ಕುಳಿತರು. ರೂಢಿಯಂತೆ ಯಾರೂ ಗಂಟು ಬಿಚ್ಚಲಿಲ್ಲ. ಇಮಾಮಬಿ ಎಲ್ಲರಿಗಿಂತ ಆಚೆ, ಮೂಲೆಗೆ ಕುಳಿತಿದ್ದಳು. ಬುತ್ತಿ ಅವಳ ತೊಡೆಯ ಮೇಲಿತ್ತು. ಒಂದು ಕೈ ನೆಲಕ್ಕೆ ಊರಿತ್ತು, ಈಗಲೇ ಏಳುವವರ ಹಾಗೆ.

ಎಸ್ತರ ಸೆರಗು ಎಳೆದುಕೊಂಡಳು. “ಕರ್ತ...” ಎಂದು ಬಾಯಿ ತೆರೆದಳು. ಇಮಾಮಬಿಯ ಊರಿದ ಕೈಯ ಬೆರಳುಗಳು ಬಿಗಿಯಾದದ್ದು ಕಂಡಿತು. ಆಶಾಬಿ ಮುಂದಕ್ಕೆ ಬಾಗಿದ್ದಳು. ಎಲ್ಲರ ಕಣ್ಣೂ ತನ್ನ ಬಾಯಿಯ ಮೇಲಿತ್ತು.

ಬಾಯಿ ಮುಚ್ಚಿದಳು. ಕಣ್ಣನ್ನೂ ಮುಚ್ಚಿದಳು.

ಮೊದಲು ಒಳಗೆ ಏನೂ ಹುಟ್ಟಲಿಲ್ಲ. ಇಪ್ಪತ್ತೆರಡು ವರ್ಷ ದನಿಯ ಬೆನ್ನು ಹಿಡಿದು ಬಂದ ಮಾತುಗಳು, ದನಿ ಇಲ್ಲದೆ ದಾರಿ ಸಿಗದೆ ನಿಂತವು. ಬೈಬಲ್ಲಿನ ಕನ್ನಡವೂ ಬರಲಿಲ್ಲ. ಯಪ್ಪಾ, ರೊಟ್ಟಿ ಕೊಟ್ಟಿದಿ, ಕೈ ಕಾಲ ಗಟ್ಟಿ ಇಟ್ಟಿದಿ, ಎಂದಳು ಒಳಗೇ. ಆ ಹುಡುಗಿ ಮಾತ ನಾ ಕಸಗೊಂಡೆ. ಅಕಿಗೆ ಮತ್ತೊಮ್ಮಿ ಹೇಳಾಕ ಹತ್ತ ನಿಮಿಷ ಸಿಗೂವಂಗ ಮಾಡು. ನಾ ಜೋರಾಗಿ ಅನ್ನಲಿಲ್ಲ. ನಿನಗ ಕೇಳಿಸ್ತು ಅಂತ ತಿಳಕೊಂಡೇನಿ.

ಕಣ್ಣು ತೆರೆದಳು. ಎಲ್ಲರೂ ಇನ್ನೂ ಕಾಯುತ್ತಿದ್ದರು.

“ಯಾಕ ಬೇ, ಇವತ್ತ ಫೋನ್ ಹತ್ತಲಿಲ್ಲೇನ?” ಎಂದಳು ಸೀತವ್ವ.

“ಹತ್ತೇತಿ. ಮಾತಾಡೇನಿ. ಉಣ್ರಿ.”

ಡಬ್ಬಿಗಳ ಮುಚ್ಚಳ ತೆರೆದವು. ಇಮಾಮಬಿ ನೆಲಕ್ಕೆ ಊರಿದ ಕೈ ತೆಗೆದು, ಮಣ್ಣು ಝಾಡಿಸಿ, ಗಂಟು ಬಿಚ್ಚಿ ರೊಟ್ಟಿ ಮುರಿದಳು. ಅಲ್ಲೇ, ಮೂಲೆಯಲ್ಲೇ ಕುಳಿತು ಉಂಡಳು. ಎಸ್ತರಳೂ ಉಂಡಳು. ಅವ್ವನಿಗೆ ಕೊಟ್ಟ ಮಾತನ್ನು ಅವಳು ಆ ದಿನ ಮುರಿದಳು.